ರೋಹಿಣಿಯ ಮೊದಲ ದಿನದ ರಜೆ

ಮೇ ಇಪ್ಪತ್ತಾರು, ಸೋಮವಾರ. ಬೆಳಿಗ್ಗೆ ಐದೂ ನಲವತ್ತು. ಕೊಟ್ಟಿಗೆಯಲ್ಲಿ ಇದ್ದವರು ಮೂರು ಜನ: ನಾನು, ನನ್ನ ತಂಗಿ, ತಂಗಿಯ ಸೊಸೆ. ತಂಗಿಯ ಮಗ ಹಾಲಿನ ವ್ಯಾನು ಓಡಿಸುವವನು. ನಾಲ್ಕು ಗಂಟೆಗೇ ಹೊರಟಿದ್ದ, ಮಧ್ಯಾಹ್ನದವರೆಗೆ ಬರುವವನಲ್ಲ. ಹಿಂದಿನ ದಿನವೇ ಎರಡು ಹಸುಗಳನ್ನೂ ಪಕ್ಕದ ಸೂರಿನಡಿಗೆ ದಾಟಿಸಿ, ಅವುಗಳ ಜಾಗದಲ್ಲಿ ಗೋಣಿಚೀಲ ಹಾಸಿ, ಆರು ಮೂಟೆ ಬಿತ್ತನೆ ಆಲೂಗೆಡ್ಡೆಯ ಹೋಳುಗಳನ್ನು ಹರಡಿದ್ದೆವು. ಮೂವರೂ ಅವನ್ನೇ ನೋಡುತ್ತ ನಿಂತಿದ್ದೆವು. ಹೆಂಚಿನಿಂದ ಹನಿ ಬೀಳುವುದು ಆಗತಾನೆ ನಿಂತಿತ್ತು.

ಮೊದಲು ಬಾಯಿ ಬಿಟ್ಟವಳು ತಂಗಿ. "ವಾಸ್ನೆ ಬತ್ತಾ ಐತೆ, ಅಣ್ಣಯ್ಯ."

"ಗೋಣಿದು," ಎಂದೆ.

"ಗೋಣಿ ಜತೇಲೇ ಮುದ್ಕಿ ಆದೋಳು ನಾನು. ಗೋಣಿ ವಾಸ್ನೆ ಯಾವ್ದು ಗೆಡ್ಡೆ ವಾಸ್ನೆ ಯಾವ್ದು ಅಂತ ನಂಗೆ ಏಳ್ಕೊಡ್ತೀಯಾ?"

ಸೊಸೆ ಬಗ್ಗಿ ಒಂದು ಹೋಳು ಎತ್ತಿ ಹೆಬ್ಬೆರಳಿನಿಂದ ಒತ್ತಿದಳು. ಸಿಪ್ಪೆ ಜಾರಿತು. ಅದನ್ನು ಬಾಗಿಲಾಚೆ ಎಸೆದು ಇನ್ನೊಂದನ್ನು ಎತ್ತಿಕೊಂಡಳು.

ಆಲೂಗೆಡ್ಡೆ ಬೆಳೆದು ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಬಿತ್ತನೆ ಗೆಡ್ಡೆ ಇಡಿಯಾಗಿದ್ದರೆ ವಾರಗಟ್ಟಲೆ ಕಾಯುತ್ತದೆ. ಎರಡೋ ಮೂರೋ ಮೊಳಕೆಯ ಕಣ್ಣು ಬರುವಂತೆ ಹೋಳು ಮಾಡಿದ ಮೇಲೆ ಅದಕ್ಕೆ ಇರುವುದು ಎರಡು ದಿನ, ಬಹಳವೆಂದರೆ ಮೂರು. ಗಾಳಿಯಾಡುವ ನೆರಳಿನಲ್ಲಿ ಒಂದು ರಾತ್ರಿ ಬಿಟ್ಟರೆ ಕೊಯ್ದ ಮುಖಕ್ಕೆ ಒಣ ಪೊರೆ ಕಟ್ಟುತ್ತದೆ, ಮರುದಿನ ಮಣ್ಣಿಗೆ ಹಾಕಬಹುದು. ಹವೆಯಲ್ಲಿ ತೇವವಿದ್ದರೆ ಪೊರೆ ಕಟ್ಟುವುದಿಲ್ಲ. ಹೋಳು ಬೆವರುತ್ತದೆ, ಆಮೇಲೆ ಕೊಳೆಯುತ್ತದೆ. ನಾವು ಕೊಯ್ದದ್ದು ಶನಿವಾರ ಸಂಜೆ. ಶನಿವಾರ ರಾತ್ರಿ ಹಿಡಿದ ಮಳೆ ಭಾನುವಾರವೆಲ್ಲ ಸುರಿದು ಸೋಮವಾರ ನಸುಕಿಗೆ ಬಿಟ್ಟಿತ್ತು. ಹಾಸನದ ಮಾರುಕಟ್ಟೆ ಅಂಗಳದಲ್ಲಿ ಬಿತ್ತನೆ ಗೆಡ್ಡೆಯ ವ್ಯಾಪಾರ ಆಗಲೇ ಮುಗಿದಿತ್ತು. ಬೇರೆ ಬೀಜ ತರೋಣವೆಂದರೆ ಇಲ್ಲ. ಕೊಟ್ಟಿಗೆಯಲ್ಲಿ ಬಿದ್ದಿದ್ದದ್ದೇ ಈ ವರ್ಷದ ಬೆಳೆ.

ಕೊಯ್ಯಿಸಿದವನು ನಾನು.

ರೋಹಿಣಿ ಮಳೆ ಹುಟ್ಟುವ ದಿನ ತಂಗಿಯ ಹೊಲಕ್ಕೆ ಗೆಡ್ಡೆ ಬೀಳಬೇಕು, ಹಿಂದಿನ ಸಂಜೆ ಹೋಳು ಆಗಬೇಕು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ನಮ್ಮಲ್ಲಿ ನಡೆದುಬಂದದ್ದು ಹೀಗೆ. ಈ ಸಲ ರೋಹಿಣಿ ಹುಟ್ಟಿದ್ದು ಭಾನುವಾರ. ನಾನು ಶನಿವಾರ ಹಾಸನದಿಂದ ಮಧ್ಯಾಹ್ನದ ಬಸ್ಸಿಗೆ ಬಂದು, ಕೈಕಾಲು ತೊಳೆದು, ಚಾಕು ಮಸೆಯಲು ಕುಳಿತೆ. ತಂಗಿ ಬಾಗಿಲಲ್ಲಿ ನಿಂತು, "ಮ್ವಾಡ ನೋಡು ಅಣ್ಣಯ್ಯ, ಪಡುವ್ಲಾಗೆ ಎಂಗ್ ಕಟ್ಟೈತೆ. ಎರಡ್ ದಿನ ತಡ್ಯಾನ," ಅಂದಳು. "ರೋಹಿಣಿ ನಾಳೆ. ನಾಳೆ ಅಂದ್ರೆ ನಾಳೆ," ಅಂದೆ. ಸೊಸೆ ನನ್ನ ಮುಖ ನೋಡಿದಳು, ಅತ್ತೆಯ ಮುಖ ನೋಡಿದಳು, ಆಮೇಲೆ ಬಂದು ನನ್ನ ಎದುರಿಗೆ ಮಣೆ ಹಾಕಿಕೊಂಡು ಕುಳಿತಳು. ಹಣ್ಣು ಕೊಯ್ದ ಹಾಗೆ ಒಂದೇ ಸಮನೆ ಆರು ಮೂಟೆ ಮುಗಿಸಿದೆವು.

ಆ ಹೊಲ ಇಪ್ಪತ್ತು ಗುಂಟೆ. ದೊಡ್ಡಗದ್ದವಳ್ಳಿಯ ಕಡೆಗೆ ಹೋಗುವ ದಾರಿಯ ಪಕ್ಕ, ಕೆಂಪು ಮಣ್ಣಿನ ಇಳಿಜಾರು, ಕೆಳ ತುದಿ ಕೆರೆಯ ಹಿನ್ನೀರಿಗೆ ಹತ್ತಿರ. ತಂಗಿಗೆ ಮಂಡಿ ಹಿಡಿದುಕೊಂಡ ಮೇಲೆ ಈ ವರ್ಷ ಹೊಲವನ್ನು ಸೊಸೆಯ ಕೈಗೆ ಕೊಟ್ಟಿದ್ದಳು, ಒಂದು ಕರಾರಿನ ಮೇಲೆ. ಗೆಡ್ಡೆ ಸರಿಯಾಗಿ ಬಂದರೆ ಹೊಲಕ್ಕೆ ಅವಳದೇ ಉಸ್ತುವಾರಿ. ಕೆಟ್ಟರೆ ದೀಪಾವಳಿ ಹೊತ್ತಿಗೆ ಶುಂಠಿ ಬೆಳೆಯುವವರಿಗೆ ಗುತ್ತಿಗೆ. ಅವರಾಗಲೇ ಎರಡು ಸಲ ಫೋನು ಮಾಡಿದ್ದರು. ಶುಂಠಿಯವರು ಸಾರ ಹೀರಿ ಬಿಟ್ಟುಹೋದ ಹೊಲಗಳು ನಮ್ಮ ಕಡೆ ಹೇಗಿರುತ್ತವೆ ಎಂದು ಅವಳಿಗೆ ಗೊತ್ತಿತ್ತು. ಮದುವೆಯಾಗಿ ಬಂದ ನಾಲ್ಕು ವರ್ಷದಲ್ಲಿ ಅವಳು ಕೇಳಿದ್ದು ಅದೊಂದೇ, ಹೊಲ ನಾನು ಮಾಡುತ್ತೇನೆ ಅಂತ.

ಹಾಗಾಗಿ ಆ ಬೆಳಿಗ್ಗೆ ನಾನು ಕ್ಷಮೆ ಕೇಳುತ್ತ ನಿಲ್ಲಲಿಲ್ಲ. ಹೊತ್ತು ಇರಲಿಲ್ಲ. "ಕೊಳೆತದ್ದು ಬೇರೆ, ಗಟ್ಟಿ ಇರೋದು ಬೇರೆ. ಏಳು ಗಂಟೆಯೊಳಗೆ ಆರಿಸ್ಬೇಕು. ಸಂಜೆಯೊಳಗೆ ಎಲ್ಲಾ ಮಣ್ಣಿಗೆ," ಎಂದೆ.

"ಯಾವುದ್ರಲ್ಲಿ ಸಾಲು ಒಡೀತೀಯ?" ತಂಗಿ ಕೇಳಿದಳು. "ಟ್ರಾಕ್ಟರ್‌ನೋನ್ಗೆ ನಿನ್ನೇನೇ ಫೋನ್ ಮಾಡಿದ್ದ ನಿನ್ ಅಳಿಯ. ಗಾಲಿ ಊತ್ಕಂತದೆ, ಇನ್ನ ನಾಕ್ ದಿನ ಬರಲ್ಲ ಅಂದವ್ನೆ."

"ಎತ್ತು."

"ಸೋಮಾರ ಕಣ್ ಅಣ್ಣಯ್ಯ. ಊರ್ಗೆಲ್ಲ ಇರಾದು ಒಂದೇ ಜೊತೆ ಎತ್ತು. ಆ ಯಜಮಾನ್ರು ಸೋಮಾರ ನೊಗ ಇಡಲ್ಲ. ಓಗ್ಬ್ಯಾಡ."

ಗೆಡ್ಡೆ ಆರಿಸಿ ಮುಗಿಸಿ ನಾನು ಹೋದೆ. ಏಳು ಗಂಟೆಗೆ ಐದು ನಿಮಿಷ ಇರುವಾಗ ಆರಿಸುವುದು ಮುಗಿದಿತ್ತು. ಐದರಲ್ಲಿ ಒಂದು ಪಾಲು ತಿಪ್ಪೆಗೆ ಹೋಯಿತು. ಕೈಯ ವಾಸನೆ ಸೋಪು ಹಾಕಿ ತೊಳೆದರೂ ಬಿಡಲಿಲ್ಲ.

ಎತ್ತಿನ ಯಜಮಾನರು ನನಗಿಂತ ಎರಡು ವರ್ಷಕ್ಕೆ ಚಿಕ್ಕವರು. ಶಿವಭಕ್ತರ ಮನೆತನ. ಹಣೆಗೆ ವಿಭೂತಿ ಹಚ್ಚಿ, ಜಗಲಿಯ ಮೇಲೆ ಕುಳಿತು ಕಾಫಿ ಕುಡಿಯುತ್ತಿದ್ದರು. ಎತ್ತುಗಳು ಮೈ ತೊಳೆಸಿಕೊಂಡು, ಕೊಂಬಿಗೆ ಎಣ್ಣೆ ಹಚ್ಚಿಸಿಕೊಂಡು, ರಜೆಯ ಮೇಲಿನ ನೌಕರರ ಹಾಗೆ ಆರಾಮವಾಗಿ ಮೆಲುಕು ಹಾಕುತ್ತಿದ್ದವು. ವಿಷಯ ಹೇಳಿದೆ. ಅವರು ಲೋಟ ಕೆಳಗಿಟ್ಟರು. ಬಸ್ ನಿಲ್ದಾಣದ ಕೆಲಸದಿಂದ ನಿವೃತ್ತನಾಗಿ ವರ್ಷಗಳಾದರೂ ಊರಿನವರಿಗೆ ನಾನು ಇನ್ನೂ ಕಂಟ್ರೋಲರೇ.

"ಕಂಟ್ರೋಲರ್ ಸಾ, ನೀವು ಅಷ್ಟ್ ವರ್ಸ ಬಸ್ ಬಿಟ್ರಲ್ಲ. ಯಾವತ್ತಾರ ಯಾರಿಗಾರ ಎರಡ್ ನಿಮಿಷ ಕಾದಿದ್ರಾ?"

"ಇಲ್ಲ."

"ನಾನ್ ಒಂದ್ಸಲ ಹಾಸನದ ಸ್ಟಾಂಡ್ನಾಗೆ ಓಡ್ ಬಂದೆ. ತಲೆ ಮ್ಯಾಲೆ ಬೂಸಾ ಮೂಟೆ. ಬಾಗ್ಲು ಕಂಬಿಗೆ ಕೈ ಆಕಿದ್ದೆ. ನೀವು ನನ್ ಮೊಕ ನೋಡ್ದ್ರಿ, ಗೋಡೆ ಗಡಿಯಾರ ನೋಡ್ದ್ರಿ, ಸೀಟಿ ಊದ್ಬುಟ್ರಿ."

ನನಗೆ ನೆನಪಿರಲಿಲ್ಲ. ಆದರೆ ಊದಿರುತ್ತೇನೆ.

"ನಿಮ್ ಟೈಮು ನಿಮ್ಗೆ ಎಂಗೋ, ನನ್ ಸೋಮಾರ ನಂಗೆ ಅಂಗೆ. ನಮ್ಮಪ್ಪ ಇಟ್ಟಿಲ್ಲ, ನಾನೂ ಇಡಲ್ಲ."

ಸೋಮವಾರ ಬಸವನ ದಿನ. ಎತ್ತಿನ ಹೆಗಲ ಮೇಲೆ ನೊಗ ಬರಕೂಡದು. ಇದು ನನಗೆ ಹುಟ್ಟಿದಾಗಿನಿಂದ ಗೊತ್ತಿರುವ ಮಾತು. ಜೀವಮಾನವೆಲ್ಲ ನಿಯಮ ಅಂದವನು ಇನ್ನೊಬ್ಬರ ನಿಯಮದ ಬಾಗಿಲಲ್ಲಿ ನಿಂತು ಇವತ್ತೊಂದು ದಿನ ಸಡಿಲಿಸಿ ಅನ್ನುವುದು ಹೇಗೆ? "ಸರಿ ಯಜಮಾನ್ರೆ, ತಪ್ಪು ತಿಳೀಬೇಡಿ," ಎಂದು ತಿರುಗಿದೆ. ಹತ್ತು ಹೆಜ್ಜೆ ಬಂದಿರಬಹುದು.

"ಎತ್ತಿಗೆ ರಜಾ, ಸಾ," ಹಿಂದಿನಿಂದ ಕೂಗಿದರು. "ನಂಗ್ಯಾರ್ ಕೊಟ್ಟವ್ರೆ ರಜಾ? ನಡೀರಿ, ಎಲೆಗುದ್ಲಿ ತತ್ತೀನಿ. ಕೈಯಲ್ಲೇ ಎಳ್ಯಾನ."

ಮನೆಗೆ ಬಂದರೆ ಸೊಸೆ ಇರಲಿಲ್ಲ. ಬೂದಿ ತರಲು ಹೋಗಿದ್ದಳು. ಬೆವೆತ ಹೋಳಿಗೆ ಒಣ ಬೂದಿ ಹೊರಳಿಸಿದರೆ ತೇವ ಹೀರುತ್ತದೆ. ಗ್ಯಾಸಿನ ಒಲೆ ಬಂದ ಮೇಲೆ ಅಡುಗೆಮನೆಯಲ್ಲಿ ಬೂದಿಯೆಲ್ಲಿ? ಸ್ನಾನದ ನೀರು ಕಾಯಿಸುವ ಹಂಡೆ ಒಲೆ ಯಾರ ಮನೆಯಲ್ಲಿದೆಯೋ ಆ ಮನೆಗೆಲ್ಲ ಬಾಂಡಲಿ ಹಿಡಿದು ಹೋಗಿದ್ದಳು. ಬೂದಿ ಕೇಳಿದರೆ ಯಾಕೆ ಎಂದು ಕೇಳದವರುಂಟೆ? ಪ್ರತಿ ಮನೆಯಲ್ಲೂ ಹೇಳಬೇಕಾಯಿತು: ಗೆಡ್ಡೆ ಕೊಯ್ದುಬಿಟ್ಟಿದ್ದೇವೆ, ಎತ್ತು ಇಲ್ಲ, ಟ್ರಾಕ್ಟರ್ ಇಲ್ಲ. ಎಂಟೂಕಾಲಿಗೆ ಅವಳು ಮೂರು ಬಾಂಡಲಿ ಬೂದಿಯ ಜೊತೆಗೆ ಎಂಟು ಹೆಂಗಸರನ್ನು ಕರೆದುಕೊಂಡು ಬಂದಳು. ಎಲ್ಲರ ಹೆಗಲ ಮೇಲೂ ಗುದ್ದಲಿ.

"ಮುಯ್ಯಾಳು," ಅಂದಳು ನನಗೆ.

ಇಂದು ನಮ್ಮ ಹೊಲಕ್ಕೆ ನೀವು, ನಾಳೆ ನಿಮ್ಮ ಹೊಲಕ್ಕೆ ನಾವು. ಕೂಲಿಯಿಲ್ಲ, ಮಧ್ಯಾಹ್ನದ ಮುದ್ದೆ ಹೊಲದವರದು. ಇನ್ನೂ ಉಳಿದಿದೆ ನಮ್ಮ ಊರುಗಳಲ್ಲಿ, ಸ್ವಲ್ಪ. ಎಂಟು ಜನರಿಗೆ ಎಂಟು ದಿನ ಅವಳು ತಿರುಗಿ ಕೆಲಸ ಮಾಡಬೇಕು. ನಾಲ್ಕು ನಾನು ಮಾಡುತ್ತೇನೆ ಎಂದೆ. ಹೆಂಗಸರಲ್ಲಿ ಹಿರಿಯಳೊಬ್ಬಳು ನನ್ನ ಇಸ್ತ್ರಿ ಅಂಗಿ ನೋಡಿ, "ಅಪ್ಪೋರೆ, ನಮ್ ಒಲಕ್ಕೆ ಬಂದು ಸೀಟಿ ಊದ್ಕಂಡ್ ನಿಂತ್ಕಂಡ್ರೆ ಲೆಕ್ಕಕ್ಕಿಲ್ಲ. ಗುದ್ಲಿ ಇಡೀಬೇಕು," ಅಂದಳು. ಎಲ್ಲರೂ ನಕ್ಕರು. ನಾನು ಅಂಗಿ ಕಳಚಿ ಬನಿಯನ್ನಿನಲ್ಲಿ ಹೊರಟೆ.

ಹೊಲ ಮೊದಲೇ ಉತ್ತು, ಗೊಬ್ಬರ ಹಾಕಿ ಇಟ್ಟಿತ್ತು, ಅದೊಂದು ಪುಣ್ಯ. ಒಣ ಹದದಲ್ಲಾದರೆ ನೇಗಿಲ ಸಾಲಿನೊಳಗೆ ಹೋಳು ಹಾಕಿ ಮುಚ್ಚುವುದು ಪದ್ಧತಿ. ಇಷ್ಟು ನೀರಿನಲ್ಲಿ ಸಾಲಿಗೆ ಹಾಕಿದರೆ ಮುಳುಗಿ ಸಾಯುತ್ತದೆ. ಅದಕ್ಕೆ ಯಜಮಾನರು ದಾರಿ ತೋರಿಸಿದರು: ಎರಡೂ ಕಡೆಯ ಮಣ್ಣು ಎಳೆದು ಮಧ್ಯೆ ದಿಂಡು ಏರಿಸುವುದು, ದಿಂಡಿನ ನೆತ್ತಿಯಲ್ಲಿ ಮೂರು ಬೆರಳಾಳಕ್ಕೆ ಹೋಳು, ಕಣ್ಣು ಮೇಲಕ್ಕೆ. ನಾನು ಕ್ಯಾಲೆಂಡರಿನ ಹಳೇ ಹಾಳೆಯ ಹಿಂದೆ ಲೆಕ್ಕ ಬರೆದುಕೊಂಡು ಬಂದಿದ್ದೆ: ಮೂವತ್ತಾರು ಸಾಲು, ಸಾಲಿಗೆ ಇಬ್ಬರು, ಇಷ್ಟು ನಿಮಿಷ, ಮೂರೂವರೆಗೆ ಮುಕ್ತಾಯ. ಹನ್ನೊಂದೂ ಇಪ್ಪತ್ತಕ್ಕೆ ಹದಿನಾಲ್ಕನೆಯ ಸಾಲಿನಲ್ಲಿದ್ದಾಗ ಬೂವನಹಳ್ಳಿ ದಿಕ್ಕಿನಿಂದ ಮಳೆ ಬಂತು. ಬರುವ ಸದ್ದು ಕೇಳಿಸಿತು, ತಲೆಯೆತ್ತುವಷ್ಟರಲ್ಲಿ ಮೈಮೇಲಿತ್ತು. ಹೋಳಿನ ಬುಟ್ಟಿಗಳನ್ನು ಎತ್ತಿಕೊಂಡು ಬದುವಿನ ಹೊಂಗೆ ಮರದಡಿಗೆ ಓಡಿದೆವು. ಸೊಸೆ ತಲೆಯ ಮೇಲಿನ ಪ್ಲಾಸ್ಟಿಕ್ ಚೀಲ ತೆಗೆದು ಬುಟ್ಟಿಗೆ ಹೊದಿಸಿ, ತಾನು ನೆನೆಯುತ್ತ ನಿಂತಳು.

ಕ್ಯಾಲೆಂಡರ್ ಹಾಳೆ ಕೈಯಲ್ಲೇ ಮುದ್ದೆಯಾಯಿತು.

ಮರದಡಿ ಮಾಡಲು ಕೆಲಸವಿಲ್ಲದೆ ನಿಂತಾಗ ಹಿಂದಿನದೆಲ್ಲ ಬರುತ್ತದೆ. ನಾನು ಸರ್ಕಾರಿ ಬಸ್ ನಿಲ್ದಾಣಗಳಲ್ಲಿ ಕಂಟ್ರೋಲರ್ ಆಗಿದ್ದೆ. ಬಸ್ಸು ಬಂದ ಹೊತ್ತು, ಹೋದ ಹೊತ್ತು ಪುಸ್ತಕದಲ್ಲಿ ಬರೆದು, ಸೀಟಿ ಊದಿ ಕಳಿಸುವ ಕೆಲಸ. ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ, ಕೊನೆಗೆ ಹಾಸನ. ನಾನು ಋತುಗಳನ್ನು ಕಂಡದ್ದು ಆ ಪುಸ್ತಕದ ಷರಾ ಕಾಲಮ್ಮಿನಲ್ಲಿ. ಹೊಳೆನರಸೀಪುರದಲ್ಲಿ ಪುಷ್ಯ ಮಾಸ ಬಂತೆಂದರೆ ಹೊಳೆಯ ಮೇಲಿಂದ ಮಂಜು ಏಳುತ್ತಿತ್ತು. ಆರು ಗಂಟೆಯ ಬಸ್ಸಿನ ದೀಪ ಮೊದಲು, ಬಸ್ಸು ಆಮೇಲೆ ಕಾಣುತ್ತಿತ್ತು. 'ಮಂಜು, ಹನ್ನೆರಡು ನಿಮಿಷ' ಎಂದು ಬರೆಯುತ್ತಿದ್ದೆ. ಅರಕಲಗೂಡಿನಲ್ಲಿ ಆಷಾಢದ ಸೋನೆ ಹಿಡಿದರೆ ವಾರಗಟ್ಟಲೆ ಟಿಕೆಟ್ ಪುಸ್ತಕದ ಹಾಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದವು. ಚನ್ನರಾಯಪಟ್ಟಣದಲ್ಲಿ ಬೇಸಿಗೆಯ ಗುಡುಗಿಗೂ ಒಂದು ಶಿಸ್ತಿತ್ತು, ಸಂಜೆ ನಾಲ್ಕರ ಬಸ್ಸಿಗೆ ಜನ ಹತ್ತುವಾಗಲೇ ಬರುತ್ತಿತ್ತು. ಎಲ್ಲಿ ಎಷ್ಟು ಮಳೆಯಾಯಿತು ಎಂದು ನಾನು ಯಾರನ್ನೂ ಕೇಳುತ್ತಿರಲಿಲ್ಲ, ಬಂದ ಬಸ್ಸಿನ ಗಾಲಿ ನೋಡುತ್ತಿದ್ದೆ. ಕೆರೆ ಏರಿಯ ಕಪ್ಪು ಕೆಸರು ಮೆತ್ತಿದ್ದರೆ ಬಾಗೂರಿನ ಕಡೆ ಬಿದ್ದಿದೆ. ಬರೀ ಧೂಳಾದರೆ ಅಲ್ಲಿ ಇನ್ನೂ ಇಲ್ಲ. ರೈತರು ಬಂದು ನನ್ನ ಕಿಟಕಿಯಲ್ಲಿ ಇಣುಕಿ, "ಸಾ, ನಮ್ ಕಡೆ ಆಯ್ತಾ?" ಎಂದು ಕೇಳುತ್ತಿದ್ದರು. ಹೇಳುತ್ತಿದ್ದೆ. ಸುಳ್ಳಾದದ್ದು ಕಡಿಮೆ.

ಈಗ ಆ ಪುಸ್ತಕ ಬರೆಯಬೇಕಾಗಿ ಬಂದಿದ್ದರೆ ಷರಾ ಕಾಲಮ್ಮಿಗೆ ಜಾಗ ಸಾಲುತ್ತಿರಲಿಲ್ಲ. ಸಂಕ್ರಾಂತಿಯಲ್ಲಿ ಫ್ಯಾನು ಹಾಕುತ್ತೇವೆ. ಮೇ ತಿಂಗಳಲ್ಲಿ ಶ್ರಾವಣದ ಮಳೆ ಬರುತ್ತದೆ. ಶ್ರಾವಣದಲ್ಲಿ ಬಿಸಿಲಿಗೆ ಹಪ್ಪಳ ಒಣಗುತ್ತದೆ. ಹಾಗೆಂದು ಕಾಲ ಕೆಟ್ಟಿತು ಅಂತ ಗೊಣಗುತ್ತ ಕೂರುವುದು ನನಗೆ ಹಿಡಿಸದು. ಬಸ್ಸು ತಡವಾದಾಗ ಬೈದುಕೊಂಡು ನಿಂತವನು ಎಂದೂ ಬೇಗ ಊರು ಸೇರಿದ್ದಿಲ್ಲ.

ತಂಗಿ ಮುದ್ದೆಯ ಬುಟ್ಟಿ, ಹುರುಳಿಕಾಳಿನ ಸಾರು ತೆಗೆದುಕೊಂಡು ಮಗನ ಹಾಲಿನ ವ್ಯಾನಿನಲ್ಲಿ ಬಂದಳು. ಅಷ್ಟರಲ್ಲಿ ಮಳೆ ಬಿಟ್ಟಿತ್ತು, ಗಂಟೆ ಹನ್ನೆರಡೂವರೆ. ಮಗ ಪ್ಯಾಂಟು ಮಡಚಿ ಹೊಲಕ್ಕಿಳಿದ. ತಂಗಿ ಮರದ ಬೇರಿನ ಮೇಲೆ ಕುಳಿತು, ಉಣ್ಣುತ್ತಿದ್ದ ನನ್ನನ್ನೇ ನೋಡಿದಳು.

"ಅಲ್ಲಾ ಅಣ್ಣಯ್ಯ, ಈ ರೋಹಿಣಿ ಮೊದಲ್ನೆ ದಿನ ಅನ್ನಾದು ಎಲ್ಲಿಂದ ಬಂತು ಅಂತ ಗೆಪ್ತಿ ಐತಾ?"

"ಅಪ್ಪನ ಕಾಲದಿಂದ."

"ಅಪ್ಪ ಗೆಡ್ಡೇನೇ ಆಕ್ಲಿಲ್ಲ! ರಾಗಿ, ಉರುಳಿ ಬಿಟ್ರೆ ಅಪ್ಪ ಏನ್ ಆಕ್ದ? ಗೆಡ್ಡೆ ಶುರು ಮಾಡುದ್ದು ನನ್ ಮದ್ವೆ ಆದ್ಮ್ಯಾಲೆ. ನೀನು ಅರಕಲಗೂಡ್ನಾಗಿದ್ದೆ. ನಿಂಗೆ ರಜಾ ಸಿಕ್ತಿರ್ಲಿಲ್ಲ. ಒಂದ್ ತಿಂಗ್ಳು ಮುಂಚೆ ಬರ್ದು ಕೊಡ್ಬೇಕು, ದಿನ ಗೊತ್ತಿರ್ಬೇಕು ಅಂತಿದ್ದೆ. ನೀನೇ ಪಂಚಾಂಗ ನೋಡಿ, ರೋಹಿಣಿ ಮೊದಲ್ನೆ ದಿನ ಅಂತ ಬರ್ದು ಕೊಟ್ಟೆ. ನೀನ್ ಬಂದ್ ದಿನ ನಾವು ಆಕುದ್ವಿ, ಅಷ್ಟೇಯ. ನಿನ್ ರಜಾ ಚೀಟಿ ನೋಡ್ಕಂಡು ಮಳೆ ಬತ್ತದಾ?"

ಅವಳು ಹೇಳಿದ್ದು ನಿಜ. ನಾನೇ ಮರೆತಿದ್ದೆ. ಆ ಅರ್ಜಿಯ ಕಾಗದ, 'ಬಿತ್ತನೆ ಕಾರ್ಯ ನಿಮಿತ್ತ ಒಂದು ದಿನದ ಸಾಂದರ್ಭಿಕ ರಜೆ' ಎಂಬ ಸಾಲು, ಮೇಲಧಿಕಾರಿಯ ರುಜು, ಎಲ್ಲ ಕಣ್ಣಿಗೆ ಬಂತು. ವರ್ಷ ವರ್ಷ ಅದೇ ದಿನ ಬರೆದು ಬರೆದು ಅದು ಅಭ್ಯಾಸವಾಯಿತು. ನಾನು ನಿವೃತ್ತನಾದ ಮೇಲೆ ರಜೆ ಬೇಕಿಲ್ಲದೆಯೂ ಉಳಿಯಿತು. ಆಮೇಲೆ ಮನೆಯ ಪದ್ಧತಿಯಾಯಿತು. ಮಳೆಗಳು ಅವುಗಳ ಹೊತ್ತಿಗೆ ಬರುತ್ತಿದ್ದ ಕಾಲದಲ್ಲಿ ಅದು ತಪ್ಪಾಗಲಿಲ್ಲ, ಅದರಿಂದ ಇನ್ನೂ ಗಟ್ಟಿಯಾಯಿತು. ಇಷ್ಟು ವರ್ಷ ನಾನು ನಕ್ಷತ್ರದ ಮಾತು ಎಂದುಕೊಂಡು ಪಾಲಿಸಿದ್ದು ನನ್ನ ಕಚೇರಿಯ ರಜೆ ಪುಸ್ತಕವನ್ನು.

ಈ ಮಾತು ಸೊಸೆಗೆ ಗೊತ್ತಿರಲಿಲ್ಲ. ಅವಳು ಹೊಳೆನರಸೀಪುರದ ಕಡೆಯ ನಾಲೆ ನೀರಿನ ಗದ್ದೆಯ ಮನೆಯವಳು. ಅಲ್ಲಿ ನೀರು ಬಿಡುವ ದಿನ ಮೊದಲೇ ತಿಳಿಯುತ್ತದೆ, ದಿನ ಹಿಡಿದು ನಾಟಿ ನಡೆಯುತ್ತದೆ. ನಾನು ದಿನ ಹೇಳಿದಾಗ ಅವಳಿಗೆ ಅದು ಸರಿಯೆಂದೇ ಕಂಡಿರಬೇಕು ಎಂದುಕೊಂಡಿದ್ದೆ.

ಊಟ ಮುಗಿಸಿ ಅವಳ ಜೊತೆ ಹದಿನೈದನೆಯ ಸಾಲು ಹಿಡಿದೆ. ಅವಳು ದಿಂಡಿನ ಮೇಲೆ ಹೋಳು ಇಡುತ್ತ ಮುಂದೆ, ನಾನು ಮಣ್ಣು ಮುಚ್ಚುತ್ತ ಹಿಂದೆ. ಅರ್ಧ ಸಾಲಿಗೆ ಬಂದಾಗ ಹೇಳಿದೆ. ರಜೆಯ ಚೀಟಿಯ ವಿಷಯ ಬಿಡದೆ ಎಲ್ಲ ಹೇಳಿದೆ.

ಅವಳು ನಿಲ್ಲಲಿಲ್ಲ. ಹೋಳು ಇಡುತ್ತಲೇ ಇದ್ದಳು. "ಶನಿವಾರ ಮಧ್ಯಾನ ಇರುವೆ ಮೊಟ್ಟೆ ಒತ್ಕಂಡ್ ಗೋಡೆ ಹತ್ತುತಿದ್ವು, ಮಾವ. ಸೆಕೆ ನೋಡಿದ್ರೆ ತಲೆ ಸಿಡೀತಿತ್ತು. ಬ್ಯಾಡ ಅನ್ನಾನ ಅಂತ ಬಾಯಿಗ್ ಬಂದಿತ್ತು."

"ಅನ್ನಬೇಕಿತ್ತು."

"ಮನೆ ಪದ್ಧತಿ ಅಂದ್ರಿ. ಬಂದು ನಾಕ್ ವರ್ಸ ಆಗಿರೋಳು ಪದ್ಧತಿ ಮುರುದ್ಲು ಅನ್ನುಸ್ಕಳಾದ್ ಬ್ಯಾಡ ಅಂತ ಸುಮ್ಕಾದೆ." ಸ್ವಲ್ಪ ಮುಂದೆ ಹೋಗಿ, "ಇನ್ಮ್ಯಾಲೆ ಸುಮ್ಕಿರಲ್ಲ," ಅಂದಳು.

"ಇರಬೇಡ," ಅಂದೆ. ಗುದ್ದಲಿ ಎತ್ತಿ ಮಣ್ಣೆಳೆದೆ.

ಎರಡೂವರೆಗೆ ಇನ್ನೊಂದು ಹೊಡೆತ ಮಳೆ, ಕಾಲು ಗಂಟೆ. ಮೂರೂ ಐವತ್ತಕ್ಕೆ ಇನ್ನೊಂದು. ನಾನು ಗಡಿಯಾರ ಬಿಚ್ಚಿ ತಂಗಿಯ ಕೈಗೆ ಕೊಟ್ಟಿದ್ದೆ, ಹೊತ್ತು ಕೂಗಿ ಹೇಳುತ್ತಿದ್ದವಳು ಅವಳೇ. ಹಬ್ಬದ ಹಿಂದಿನ ದಿನ ನಿಲ್ದಾಣದಲ್ಲಿ ವೇಳಾಪಟ್ಟಿ ಹಿಡಿದು ಕೂರಲಾಗುವುದಿಲ್ಲ. ಬಸ್ಸು ತುಂಬಿದಂತೆ ಬಿಡುತ್ತ ಹೋಗಬೇಕು. ಆ ಮಧ್ಯಾಹ್ನವೂ ಹಾಗೆಯೇ. ಮಳೆ ನಿಂತ ಕೂಡಲೇ ಇಳಿಯುವುದು, ಬಂದ ಕೂಡಲೇ ಬುಟ್ಟಿ ಎತ್ತಿಕೊಂಡು ಓಡುವುದು. ಹಿರಿಯ ಹೆಂಗಸು, "ಅಪ್ಪೋರೆ, ಒಂದ್ ಸೀಟಿ ಊದ್ರಪ್ಪ, ಮಳೆ ಆಚೆ ಓಗ್ಲಿ," ಎಂದು ಎರಡು ಸಲ ಹೇಳಿದಳು. ಮೂರನೆಯ ಸಲ ನಾನು ನಿಜವಾಗಿಯೂ ಬೆರಳು ಬಾಯಿಗಿಟ್ಟು ಊದಿದೆ. ಮಳೆ ಲೆಕ್ಕಿಸಲಿಲ್ಲ, ಆದರೆ ಎತ್ತಿನ ಯಜಮಾನರು ಗುದ್ದಲಿ ಬಿಟ್ಟು ಮರದ ಕಡೆ ಓಡುವ ನಟನೆ ಮಾಡಿ, "ಇಡ್ಕಳಿ ಸಾ, ಇಡ್ಕಳಿ, ಬಂದೆ!" ಎಂದು ಕೂಗಿದರು. ನಕ್ಕು ನಕ್ಕು ಒಬ್ಬಳು ಕೆಸರಿನಲ್ಲಿ ಕುಳಿತೇಬಿಟ್ಟಳು.

ಐದೂಕಾಲಿಗೆ ಇಪ್ಪತ್ತೊಂಬತ್ತು ಸಾಲು ಮುಗಿದಿತ್ತು. ಕೆಳಗಿನ ಏಳು ಉಳಿದಿತ್ತು. ಬುಟ್ಟಿಯಲ್ಲಿ ಇನ್ನೂ ಹೋಳು ಇತ್ತು. ನಾನು ಮೂವತ್ತನೆಯ ಸಾಲಿಗೆ ಗುದ್ದಲಿ ಹಾಕಿದೆ.

"ಬ್ಯಾಡ ಮಾವ," ಅಂದಳು ಸೊಸೆ.

"ಯಾಕೆ? ಇನ್ನು ಏಳೇ ಸಾಲು. ಅರ್ಧಕ್ಕೆ ಬಿಡೋದೇನು?"

"ಕಾಲಿಟ್ಟು ನೋಡಿ."

ಇಟ್ಟೆ. ಹಿಮ್ಮಡಿ ಮುಳುಗಿ, ಕಾಲು ಎತ್ತಿದ ಕುಳಿಯಲ್ಲಿ ನೀರು ತುಂಬಿಕೊಂಡಿತು. "ಇಲ್ಲಿಗೆ ಆಕುದ್ರೆ ಕೆರೇಗ್ ಆಕ್ದಂಗೆ," ಅಂದಳು. "ಉಳ್ದಿದ್ದು ಮೇಲಿನ ಸಾಲ್ನಾಗೆ ಸಂದಿ ನೋಡಿ ಸೇರ್ಸಾನ. ಈ ಏಳು ಸಾಲು ನೀರು ಬಸ್ದ್ ಮ್ಯಾಲೆ ಸೊಪ್ಪಿಗಾಯ್ತದೆ."

ಅರ್ಧಕ್ಕೆ ಬಿಟ್ಟ ಸಾಲನ್ನು ನೋಡಿಕೊಂಡು ಹಿಂದೆ ಬರುವುದು ನನಗೆ ಸುಲಭವಲ್ಲ. ತಂಗಿಯ ಕಡೆ ನೋಡಿದೆ. ಅವಳು ಮರದ ಕೆಳಗಿಂದ, "ನನ್ನ್ಯಾಕ್ ನೋಡ್ತೀಯ? ಒಲ ಅವಳ್ದು. ಅವಳು ಏಳ್ದಂಗ್ ಕೇಳು," ಅಂದಳು.

ಮೇಲಕ್ಕೆ ಬಂದೆವು. ಹೆಂಗಸರು ಎರಡೆರಡು ಸಾಲು ಹಂಚಿಕೊಂಡು ಸಂದಿಯಲ್ಲೆಲ್ಲ ಹೋಳು ಸೇರಿಸಿದರು. ಆರು ಗಂಟೆಗೆ ಬುಟ್ಟಿಗಳು ಬರಿದಾದವು. ಕೊನೆಯದನ್ನು ಸೊಸೆ ತಲೆಕೆಳಗು ಮಾಡಿ ತಟ್ಟಿದಳು, ಬೂದಿ ಮಾತ್ರ ಉದುರಿತು. ಹೆಂಗಸರು ಗುದ್ದಲಿ ತೊಳೆದುಕೊಂಡು, ನನ್ನ ಪಾಲಿನ ಮುಯ್ಯಿ ಯಾರ ಹೊಲದಲ್ಲಿ ಎಂದು ಮಾತಾಡಿಕೊಳ್ಳುತ್ತ ಹೊರಟರು. ಗುರುವಾರ ಹಿರಿಯಳ ಹೊಲ, ಮೆಣಸಿನ ಸಸಿ ನಡುವುದು ಎಂದು ತೀರ್ಮಾನವಾಯಿತು. ಎತ್ತಿನ ಯಜಮಾನರು, ದೀಪ ಹಚ್ಚುವ ಹೊತ್ತಾಯಿತೆಂದು ಅವರ ಹಿಂದೆಯೇ ಹೋದರು.

ತಂಗಿ ಕೋಲೂರಿಕೊಂಡು ದಿಂಡುಗಳ ಉದ್ದಕ್ಕೆ ಸ್ವಲ್ಪ ದೂರ ನಡೆದು ನೋಡಿ ಬಂದಳು. "ಎಷ್ಟ್ ಮೊಳೀತದೋ," ಅಂದಳು.

"ಮೊಳೀತದೆ," ಅಂದಳು ಸೊಸೆ.

"ಶುಂಠಿಯೋರು ಬುಧವಾರ ಫೋನ್ ಮಾಡ್ತಾರೆ."

"ನಾನ್ ಮಾತಾಡ್ತೀನಿ ಅತ್ತೆ."

ತಂಗಿ ಬೇಡವೆನ್ನಲಿಲ್ಲ. "ಇಪ್ಪತ್ ದ್ವಸ ಆಗ್ಲಿ ಅನ್ನು. ಮೊಳ್ಕೆ ನೋಡ್ದ್ ಮ್ಯಾಲೆ ಮಿಕ್ಕಿದ್ ಮಾತು." ಆಮೇಲೆ ನನ್ನ ಕಡೆ ತಿರುಗಿ, "ಮುಂದ್ಲೊರ್ಸ ದಿನ ಯಾರ್ ಕಟ್ಟಾದು?"

"ಇವಳು."

"ನಿನ್ ರೋಹಿಣಿ?"

"ರೋಹಿಣಿ ಅವಳ ಪಾಡಿಗೆ ಅವಳು ಬರಲಿ. ಇವಳು ಹೇಳಿ ಕಳಿಸಿದ ದಿನ ನಾನು ಬರ್ತೀನಿ."

ತಂಗಿಯನ್ನು ಅವಳ ಮಗ ವ್ಯಾನಿನಲ್ಲಿ ಕರೆದುಕೊಂಡು ಹೋದ. ಪಡುವಣಕ್ಕೆ ಮತ್ತೆ ಕಪ್ಪಾಗುತ್ತಿತ್ತು. ಸೊಸೆ ಹೊಲದ ಕೆಳ ತುದಿಯಲ್ಲಿ ನಿಂತು, ದಿಂಡುಗಳ ನಡುವಿನ ಕಾಲುವೆಗಳಲ್ಲಿ ನಿಂತ ನೀರನ್ನು ನೋಡುತ್ತಿದ್ದಳು. "ರಾತ್ರಿ ಇನ್ನೊಂದ್ ಮಳೆ ಉಯ್ದ್ರೆ ಇದು ಇಂದಕ್ಕೆ ಏರ್ತದೆ, ಮಾವ. ಕೊನೆ ನಾಕೈದ್ ಸಾಲು ಓಯ್ತದೆ. ಈ ಬದು ಇಲ್ಲಿ ಕಡೀಬೇಕು." ಕಾಲಿನ ಹೆಬ್ಬೆರಳಿನಿಂದ ಜಾಗ ತೋರಿಸಿದಳು. ನಾನಾಗಿದ್ದರೆ ಮಧ್ಯದಲ್ಲಿ ಕಡಿಯುತ್ತಿದ್ದೆ, ಅಳತೆಗೆ ಸರಿಯಾಗಿ. ಅವಳು ತೋರಿಸಿದ್ದು ಮೂಲೆಗೆ, ನೆಲ ತಾನೇ ಇಳಿಯುವ ಕಡೆ.

ಅವಳು ಹೇಳಿದಲ್ಲಿ ಗುದ್ದಲಿ ಹಾಕಿದೆ. ಬೆನ್ನು ಆಗಲೇ ಸಾಕು ಅನ್ನುತ್ತಿತ್ತು, ಕೇಳಲಿಲ್ಲ. ಒಂದು ಮೊಳ ಅಗಲ, ಮಂಡಿಯಾಳ. ಅವಳು ಮಣ್ಣನ್ನು ಎರಡೂ ಕೈಯಲ್ಲಿ ಬಾಚಿ ಪಕ್ಕಕ್ಕೆ ಹಾಕಿದಳು. ಬದುವಿನ ಕೊನೆಯ ಗೇಣು ಉಳಿದಾಗ ಹಿಂದೆ ಸರಿಯಿರಿ ಎಂದು ನನ್ನನ್ನು ನಿಲ್ಲಿಸಿ, ಗುದ್ದಲಿ ಈಸಿಕೊಂಡು ತಾನೇ ಎರಡು ಏಟು ಹಾಕಿದಳು. ನೀರು ಮೊದಲು ಮಣ್ಣಿನ ಬಣ್ಣವಾಗಿ, ನಿಧಾನವಾಗಿ ಬಂತು. ಆಮೇಲೆ ದಿಂಡುಗಳ ನಡುವೆ ನಿಂತದ್ದೆಲ್ಲ ಒಂದರ ಹಿಂದೊಂದು ಸೇರಿಕೊಂಡು, ಸದ್ದು ಮಾಡುತ್ತ ಕೆರೆಯ ಕಡೆಗೆ ಹರಿಯತೊಡಗಿತು. ಕೊನೆಯ ಸಾಲಿನ ಬುಡ ನೀರಿನಿಂದ ಹೊರಗೆ ಕಾಣುವವರೆಗೆ ಇಬ್ಬರೂ ನಿಂತು ನೋಡಿ, ಕಾಲುವೆಯ ಬಾಯಿ ಕುಸಿಯದಂತೆ ನಾಲ್ಕು ಕಲ್ಲು ಜೋಡಿಸಿ ಮುಗಿಸಿದೆವು.